ಕಾರ್ವಿ ಗಿಡದ ಬುಡದ ಚೆಂಡು

ಮೇಡಂ ತೀರಿಹೋದ ಸುದ್ದಿ ಮೈಸೂರಿನಿಂದ ಬಂದ ವಾರದಲ್ಲೇ ನವಿ ಮುಂಬೈಯ ನಮ್ಮ ಐರೋಲಿ ಆಫೀಸಿನಲ್ಲಿ ಸಂತಾಪ ಸಭೆ ನಡೆಯಿತು. ಕಾನ್ಫರೆನ್ಸ್ ರೂಮಿನ ಪರದೆಯ ಮೇಲೆ ಅವರ ಫೋಟೋ, ಅದರ ಕೆಳಗೆ ಒಂದು ತಟ್ಟೆಯಲ್ಲಿ ಸೇವಂತಿಗೆ. ಅವರ ಜೊತೆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಈಗ ಬೇರೆ ಬೇರೆ ಕಂಪನಿಗಳಲ್ಲಿದ್ದಾರೆ. ಕೂತವರಲ್ಲಿ ಅರ್ಧ ಮಂದಿ ಅವರನ್ನು ನೋಡಿಯೇ ಇಲ್ಲದ ಹೊಸಬರು. ನಮ್ಮ ಕಂಪನಿಯ ಮುಖ್ಯಸ್ಥರು ಎದ್ದು ನಿಂತು, ಮೇಡಂ ಎಂಥ ಪ್ರಾಮಾಣಿಕರು ಎಂಬುದಕ್ಕೆ ಒಂದು ಕತೆ ಹೇಳಿದರು. ಘಟ್ಟದ ಮೇಲಿನ ಗಾಲ್ಫ್ ಮೈದಾನದಲ್ಲಿ ಒಮ್ಮೆ ಮೇಡಂ ಕಾಲಿನಿಂದ ಚೆಂಡು ಸರಿಸಿ ಗೆದ್ದಿದ್ದರು. ಅದೇ ದಿನ ಊಟಕ್ಕೆ ಕೂತಾಗ ತಾವಾಗಿಯೇ ಎದ್ದು ನಿಂತು ಅದನ್ನು ಎಲ್ಲರೆದುರು ಒಪ್ಪಿಕೊಂಡಿದ್ದರು. ಇಂಥವರು ಈಗ ಎಲ್ಲಿ ಸಿಗುತ್ತಾರೆ ಎಂದು ಅವರು ಹಿಂದಿಯಲ್ಲಿ ಕೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಟ್ರೈನು ಬದಲಿಸಲು ಠಾಣೆಯಲ್ಲಿ ಇಳಿದು ಕಲ್ಯಾಣದ ಗಾಡಿಗೆ ಕಾಯುತ್ತ ನಿಂತಾಗ ನನಗೆ ನಾಚಿಕೆಯಾಯಿತು. ಮುಖ್ಯಸ್ಥರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕತೆ ಅವರು ನಿಲ್ಲಿಸಿದಲ್ಲಿ ಮುಗಿದಿರಲಿಲ್ಲ. ಮೇಡಂ ಜೊತೆ ಆ ಮೈದಾನದಲ್ಲಿ ನಡೆದವಳು ನಾನು. ಆಮೇಲೆ ಅವರ ಜೊತೆ ಇನ್ನೊಮ್ಮೆ ಆ ಘಟ್ಟ ಹತ್ತಿದವಳೂ ನಾನೇ.

ಮೇಡಂ ಮೈಸೂರಿನವರು. ನಾನು ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದವಳು; ಅಪ್ಪ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ಕೆಲಸಕ್ಕೆ ಸಂದರ್ಶನ ಮಾಡಿದ ದಿನ ಮೇಡಂ ನನ್ನ ಊರು ಕೇಳಿ, ತಟ್ಟನೆ ಕನ್ನಡಕ್ಕೆ ತಿರುಗಿ ಏನೋ ಪ್ರಶ್ನೆ ಹಾಕಿದರು. ನಾನು ಗಾಬರಿಯಲ್ಲಿ "ಎಂತ ಕೇಳಿದ್ದು ಮೇಡಂ?" ಎಂದೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಅವತ್ತಿನಿಂದ, ಬೇರೆಯವರಿಲ್ಲದಾಗ ನಮ್ಮದು ಕನ್ನಡ. ಅವರದು ಅಗ್ರಹಾರದ ನೀಟಾದ ಮಾತು, ನನ್ನದು ಅಪ್ಪನ ಮಾತಿಗೆ ಡೊಂಬಿವಿಲಿಯ ಮರಾಠಿ ಸೇರಿಸಿದ್ದು.

ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಅವರೇ ದೊಡ್ಡವರು. ಬೈದದ್ದನ್ನು ನಾನು ಕೇಳಿಲ್ಲ. ಯಾರಾದರೂ ಬೇಕಾದಂತೆ ತಿದ್ದಿದ ಲೆಕ್ಕ ತಂದು ಮೇಜಿನ ಮೇಲಿಟ್ಟರೆ, ಅವರು ಅದನ್ನು ಪೂರ್ತಿ ಓದಿ, ಪೆನ್ನಿಗೆ ಮುಚ್ಚಳ ಹಾಕಿ, "ಇನ್ನೊಂದ್ಸಲ ನೀವೇ ನೋಡ್ಕೊಂಡು ಬನ್ನಿ" ಎನ್ನುತ್ತಿದ್ದರು. ಮುಚ್ಚಳದ ಟಕ್ ಎಂಬ ಸದ್ದು ಹೊರಗೆ ಕೂತ ನಮಗೂ ಕೇಳಿಸುತ್ತಿತ್ತು. ಕಾಲಕ್ರಮದಲ್ಲಿ ಅಂಥ ಲೆಕ್ಕಗಳು ಅವರ ಮೇಜಿನವರೆಗೆ ಬರುವುದೇ ನಿಂತಿತು. ದಾರಿಯಲ್ಲೇ ಯಾರೋ ಒಬ್ಬರು "ಮೇಡಂ ಸಹಿ ಹಾಕೋದಿಲ್ಲ ಬಿಡಿ" ಎಂದು ವಾಪಸು ಕಳಿಸುತ್ತಿದ್ದರು.

ಕಂಪನಿ ಕಾರು ಕೊಟ್ಟಿದ್ದರೂ ಅವರು ಠಾಣೆಯಿಂದ ಐರೋಲಿಗೆ ಟ್ರೈನಿನಲ್ಲೇ ಬರುತ್ತಿದ್ದರು. ಯಾಕೆಂದು ಕೇಳಿದರೆ, ಕಾರಿನಲ್ಲಿ ಕೂತರೆ ಫೋನು ಎತ್ತಲೇಬೇಕು, "ಟ್ರೈನಲ್ಲಾದ್ರೆ ಕೇಳಿಸ್ತಿಲ್ಲ ಅಂತ ನಿಜವಾಗ್ಲೂ ಹೇಳ್ಬಹುದು" ಎನ್ನುವರು. ಹೆಂಗಸರ ಡಬ್ಬಿಯಲ್ಲಿ ಮಾರಲು ಬರುವವರಿಂದ ಕೂದಲ ಕ್ಲಿಪ್ಪು, ಬಿಂದಿ, ಕರವಸ್ತ್ರ ಏನಾದರೊಂದು ಕೊಳ್ಳುವರು. ತಾವು ಯಾವುದನ್ನೂ ಬಳಸುತ್ತಿರಲಿಲ್ಲ. ಎಲ್ಲ ನಮ್ಮ ಮೇಜುಗಳಿಗೆ ಬರುತ್ತಿತ್ತು.

ಅವರಲ್ಲಿ ಒಂದು ಗುಣ ಮಾತ್ರ ಆ ಸೌಮ್ಯ ಮುಖಕ್ಕೆ ಹೊಂದುತ್ತಿರಲಿಲ್ಲ. ಸೋಲನ್ನು ಸಹಿಸಲು ಅವರಿಗೆ ಆಗುತ್ತಿರಲಿಲ್ಲ. ಮಧ್ಯಾಹ್ನದ ಕೇರಂನಲ್ಲಿ ಸೋತರೆ ಆ ದಿನ ಯಾರ ಜೊತೆಗೂ ಚಹಾ ಕುಡಿಯುತ್ತಿರಲಿಲ್ಲ. ದಸರಾಕ್ಕೆ ಆಫೀಸಿನಲ್ಲಿ ರಂಗೋಲಿ ಸ್ಪರ್ಧೆ ಇಟ್ಟಾಗ ಎರಡನೇ ಬಹುಮಾನ ಬಂತೆಂದು ಆ ಪ್ಲಾಸ್ಟಿಕ್ ಡಬ್ಬವನ್ನು ಅಲ್ಲೇ ಬಿಟ್ಟು ಹೋಗಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಅದು ನಗುವ ವಿಷಯ ಎಂದೇ ಆಗ ಅನ್ನಿಸಿತ್ತು.

ಗಾಲ್ಫಿಗೆ ಅವರು ಬಂದದ್ದು ನಲವತ್ತು ದಾಟಿದ ಮೇಲೆ. ಕಂಪನಿಯ ದೊಡ್ಡ ತೀರ್ಮಾನಗಳೆಲ್ಲ ಭಾನುವಾರ ಬೆಳಿಗ್ಗೆ ಹುಲ್ಲಿನ ಮೇಲೆ ಆಗುತ್ತವೆ, ಸೋಮವಾರ ತಮಗೆ ಸುದ್ದಿ ಮಾತ್ರ ಸಿಗುತ್ತದೆ ಎಂಬುದು ಅವರಿಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಹಾಗಾಗಿ ಒಂದು ದಿನ ನವಿ ಮುಂಬೈಯಲ್ಲಿ ಚೆಂಡು ಹೊಡೆಯಲು ಕಲಿಸುವ ಜಾಗಕ್ಕೆ ಸಲ್ವಾರ್ ಕಮೀಜ್ ಮೇಲೆ ಬೂಟು ಹಾಕಿಕೊಂಡು ಹೋಗಿ ಸೇರಿದರು. ಅವರು ಮದುವೆಯಾಗಿರಲಿಲ್ಲ, ಠಾಣೆಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಹಾಲ್‌ನಲ್ಲಿ ಉದ್ದಕ್ಕೆ ಜಮಖಾನ ಹಾಸಿ, ತುದಿಯಲ್ಲಿ ಹಿತ್ತಾಳೆಯ ಚೊಂಬನ್ನು ಅಡ್ಡ ಮಲಗಿಸಿ, ಅದರ ಬಾಯೊಳಗೆ ಚೆಂಡು ಉರುಳಿಸುವ ಅಭ್ಯಾಸ ಮಾಡುತ್ತಿದ್ದರು. ಠಣ್ ಎಂಬ ಸದ್ದಿಗೆ ಕೆಳಗಿನ ಮನೆಯವರು ಸೊಸೈಟಿಗೆ ದೂರು ಕೊಟ್ಟಿದ್ದರು. ಮೇಡಂ ಹೋಗಿ ಕ್ಷಮೆ ಕೇಳಿ, ಚೊಂಬಿನೊಳಗೆ ಒಂದು ಬಟ್ಟೆ ತುರುಕಿ, ಅಭ್ಯಾಸ ಮುಂದುವರಿಸಿದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕಂಪನಿಯವರು ಹಿರಿಯ ಅಧಿಕಾರಿಗಳನ್ನೂ ಕೆಲವು ದೊಡ್ಡ ಗ್ರಾಹಕರನ್ನೂ ಘಟ್ಟದ ಮೇಲಿನ ಒಂದು ಖಾಸಗಿ ಗಾಲ್ಫ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ನಮ್ಮ ಮುಖ್ಯಸ್ಥರು ಅಲ್ಲಿನ ಸದಸ್ಯರು. ಹೆಂಗಸರಲ್ಲಿ ಮೇಡಂ ಒಬ್ಬರೇ ಆಗುತ್ತಾರೆಂದು, ಆಟ ಬಾರದ ನನ್ನನ್ನೂ ಜೊತೆಗೆ ಎಳೆದರು. ಪನ್ವೇಲ್ ದಾಟಿ ಘಟ್ಟ ಹತ್ತುವಾಗ ಕಾರಿನಲ್ಲಿ ನನಗೆ ಆಟದ ನಿಯಮ ಹೇಳಿಕೊಟ್ಟರು. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯಬೇಕು. ಕೈ ತಾಗಿಸುವಂತಿಲ್ಲ, ಕಾಲು ತಾಗಿಸುವಂತಿಲ್ಲ. ಕಡಿಮೆ ಏಟಿನಲ್ಲಿ ಮುಗಿಸಿದವರು ಗೆದ್ದಂತೆ; ಎಷ್ಟು ಏಟು ಹೊಡೆದೆವು ಎಂಬುದನ್ನು ನಾವೇ ನಿಜವಾಗಿ ಹೇಳಬೇಕು. ಅಂಪೈರ್ ಇಲ್ಲದ ಆಟ.

"ನೋಡೋರು ಯಾರೂ ಇರಲ್ಲ ಕಣಮ್ಮ. ಅದಕ್ಕೇ ನಂಗಿಷ್ಟ," ಎಂದರು.

ಗೇಟಿನಲ್ಲಿ ನನ್ನ ಚಪ್ಪಲಿ ನೋಡಿ ಒಳಗೆ ಬಿಡಲಿಲ್ಲ. ಕ್ಲಬ್ಬಿನ ಬೂಟು ಕೊಟ್ಟರು, ನನ್ನ ಪಾದಕ್ಕಿಂತ ದೊಡ್ಡದು. ಅದನ್ನು ಎಳೆದುಕೊಂಡು ನೀರಿನ ಬಾಟಲಿ ಹಿಡಿದು ಮೇಡಂ ಹಿಂದೆ ನಡೆದೆ. ಬೆಟ್ಟದ ಓರೆಯನ್ನು ಕಡಿದು ಮಾಡಿದ ಮೈದಾನ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಣಿವೆ. ಹೊಡೆದ ಚೆಂಡು ನೆಟ್ಟಗೆ ಹೋದಂತೆ ಕಂಡರೂ ನೆಲಕ್ಕೆ ಬಿದ್ದ ಮೇಲೆ ಕಣಿವೆಯ ಕಡೆಗೇ ಜಾರುತ್ತಿತ್ತು. ಮೇಡಂ ಜೊತೆ ಆಡುತ್ತಿದ್ದವರು ಮೂವರು: ನಮ್ಮ ಮುಖ್ಯಸ್ಥರು ಮತ್ತು ಇಬ್ಬರು ಗ್ರಾಹಕರು. ಪ್ರತಿಯೊಬ್ಬರಿಗೂ ಚೀಲ ಹೊರಲು ಒಬ್ಬೊಬ್ಬ ಕ್ಯಾಡಿ. ಮೇಡಂ ಅವರ ಕ್ಯಾಡಿ ಐವತ್ತರ ಆಸುಪಾಸಿನ, ಮೀಸೆ ನರೆತ, ಹತ್ತಿರದ ಪುಟ್ಟ ಹಳ್ಳಿಯವನು. ಮೇಡಂ ಒಳ್ಳೆಯ ಏಟು ಹೊಡೆದಾಗಲೆಲ್ಲ ಅವನು ಮೆಲ್ಲಗೆ ಮರಾಠಿಯಲ್ಲಿ "ಛಾನ್", ಸೊಗಸು, ಎನ್ನುತ್ತಿದ್ದ. ಅವರು ಅದಕ್ಕೆ ಪ್ರತಿಸಲ ಹಿಗ್ಗುತ್ತಿದ್ದರು.

ಆ ದಿನ ಅವರ ಕೈ ಕೂಡಿಬಂದಿತ್ತು. ಚೆಂಡು ಬೀಳಿಸಬೇಕಾದ, ಬಾವುಟ ನೆಟ್ಟ ಕುಳಿಗಳಲ್ಲಿ ಕೊನೆಯ ಎರಡು ಉಳಿದಾಗ ಅವರೂ ಮುಖ್ಯಸ್ಥರೂ ಸಮಸಮ. ಗಂಡಸರ ನಗು ಕಡಿಮೆಯಾಗಿತ್ತು. ಆಗ ಮೇಡಂ ಹೊಡೆದ ಚೆಂಡು ದಿಕ್ಕು ತಪ್ಪಿ ಕಾಡಿನ ಅಂಚಿಗೆ ಹೋಯಿತು. ಕ್ಯಾಡಿ ಓಡಿ ಹುಡುಕಿ ಕೈಯೆತ್ತಿ ತೋರಿಸಿದ. ಪೊದೆಯಾಗಿ ಬೆಳೆದ ಒಂದು ಕಾರ್ವಿ ಗಿಡದ ಬುಡದಲ್ಲಿ, ಬೇರಿಗೆ ಆನಿಕೊಂಡು ಕೂತಿತ್ತು. ಅಲ್ಲಿಂದ ಯಾರಿಗೂ ಹೊಡೆಯಲು ಬರುವಂತಿರಲಿಲ್ಲ. ಮುಖ್ಯಸ್ಥರು ತಮ್ಮ ಬ್ಯಾಟರಿ ಗಾಡಿಯಲ್ಲಿ ಆ ಪಕ್ಕದಲ್ಲೇ ಹಾದುಹೋಗುತ್ತ ಅದನ್ನು ನೋಡಿ, ಪಾಪ ಎಂಬಂತೆ ತಲೆಯಾಡಿಸಿ ಮುಂದೆ ಹೋದರು. ಬಾವುಟ ಯಾವ ಕಡೆಗಿದೆ ನೋಡಿ ಬರಲು ಕ್ಯಾಡಿ ದಿಬ್ಬ ಹತ್ತಿದ. ಗಿಡದ ಹತ್ತಿರ ಉಳಿದದ್ದು ನಾವಿಬ್ಬರು.

ಮೇಡಂ ಸ್ವಲ್ಪ ಹೊತ್ತು ಚೆಂಡನ್ನೇ ನೋಡುತ್ತ ನಿಂತರು. ಆಮೇಲೆ ಬಲಗಾಲಿನ ಬೂಟಿನ ತುದಿಯಿಂದ ಅದನ್ನು ಮೆಲ್ಲಗೆ ಹೊರಗೆಳೆದು ಹುಲ್ಲಿನ ಮೇಲಕ್ಕೆ ಬಿಟ್ಟರು. ಮಲಗಿದ ಮಗುವಿನ ಕೈಯಿಂದ ಆಟಿಕೆ ತೆಗೆಯುವಷ್ಟು ಮೆಲ್ಲಗೆ. ತಲೆಯೆತ್ತಿದಾಗ ನಾನು ನೋಡುತ್ತಿದ್ದೆ.

"ಆ ನೀರಿನ ಬಾಟ್ಲಿ ಕೊಡು," ಎಂದರು. ಕೊಟ್ಟೆ.

ಕ್ಯಾಡಿ ಇಳಿದು ಬಂದು ಚೆಂಡು ನೋಡಿದ, ಗಿಡ ನೋಡಿದ, ಏನೂ ಹೇಳದೆ ಬೇಕಾದ ಕೋಲನ್ನು ಚೀಲದಿಂದ ತೆಗೆದುಕೊಟ್ಟ. ಮೇಡಂ ಹೊಡೆದ ಏಟು ಸೊಗಸಾಗಿ ಹೋಗಿ ಬಾವುಟದ ಬಳಿಯೇ ನಿಂತಿತು. ಈ ಸಲ ಅವನು "ಛಾನ್" ಎನ್ನಲಿಲ್ಲ.

ಮುಂದೆ ಹೋದಾಗ ಮುಖ್ಯಸ್ಥರು ನಗುತ್ತಲೇ ಕೇಳಿದರು. ಆ ಚೆಂಡು ಬೇರಿನ ಸಂದಿಯಲ್ಲಿತ್ತಲ್ಲ, ನಾನೇ ನೋಡಿದೆ, ಅಲ್ಲಿಂದ ಇಂಥ ಏಟು ಹೇಗೆ ಬಂತು? ಕೇಳಿದ್ದು ಮೇಡಂ ಅವರನ್ನಲ್ಲ. ಮೇಡಂ ಅಂಥವರಲ್ಲ ಎಂದು ಅವರಿಗೆ ಗೊತ್ತಿತ್ತು. ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಉಳಿದವನು ಕ್ಯಾಡಿ ಒಬ್ಬನೇ. ಅತಿಥಿಗಳನ್ನು ಖುಷಿಪಡಿಸಲು ಇವರು ಇಂಥದೆಲ್ಲ ಮಾಡುತ್ತಾರೆ ಎಂದು ಗ್ರಾಹಕರಲ್ಲಿ ಒಬ್ಬರು ಹೇಳಿದರು. ಕ್ಯಾಡಿ ಒಂದೇ ಒಂದು ಸಲ ಮೇಡಂ ಮುಖ ನೋಡಿದ. ಅವರು ಕೈಗವಸು ಬಿಚ್ಚುತ್ತಿದ್ದರು. ಅವನು "ಸಾರಿ ಸಾಬ್" ಎಂದ. ಮುಖ್ಯಸ್ಥರು ಫೋನು ಮಾಡಿ ಬೇರೆ ಕ್ಯಾಡಿಯನ್ನು ಕರೆಸಿದರು. ಇವನು ಚೀಲ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಗೇಟಿನ ಕಡೆಗೆ ನಡೆದುಹೋದ. ಕೊನೆಯ ಕುಳಿಯನ್ನೂ ಆಡಿ ಮುಗಿಸಿದಾಗ ಮೇಡಂ ಒಂದು ಏಟಿನಿಂದ ಗೆದ್ದಿದ್ದರು.

ಕ್ಲಬ್ಬಿನಲ್ಲಿ ತಂಗಲು ಮೇಡಂಗೂ ನನಗೂ ಒಂದೇ ಕೋಣೆ. ಮೇಡಂ ಬೂಟು ಬಿಚ್ಚದೆ ಮಂಚದ ತುದಿಯಲ್ಲಿ ಕೂತಿದ್ದರು. "ಅವನನ್ನ ಮನೆಗೆ ಕಳಿಸಿಬಿಟ್ರಂತಾ?" ಎಂದು ಕೇಳಿದರು. ಹೌದಂತೆ ಮೇಡಂ ಎಂದೆ. ನಾನು ಸ್ನಾನಕ್ಕೆ ಹೋಗಿ, ಬೇಕೆಂದೇ ತಡಮಾಡಿ ಬಂದೆ. ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ತಪ್ಪು ಅವರದು, ಸಿಕ್ಕಿಬಿದ್ದವಳಂತೆ ಬಚ್ಚಲಿನಲ್ಲಿ ನಿಂತವಳು ನಾನು.

ಊಟದ ಹಾಲ್‌ನಲ್ಲಿ ಮುಖ್ಯಸ್ಥರು ಸಣ್ಣದೊಂದು ಬೆಳ್ಳಿ ಬಣ್ಣದ ಕಪ್ಪನ್ನು ಅವರ ಕೈಗಿತ್ತಾಗ ಮೇಡಂ ಅದನ್ನು ಮೇಜಿನ ಮೇಲೆ ಇಟ್ಟು, ನಿಂತುಕೊಂಡೇ ಇಂಗ್ಲಿಷಿನಲ್ಲಿ ಹೇಳಿದರು. ಚೆಂಡು ಸರಿಸಿದ್ದು ತಾನು, ಕ್ಯಾಡಿಯ ತಪ್ಪಿಲ್ಲ, ಈ ಕಪ್ಪು ತನ್ನದಲ್ಲ. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ಮುಖ್ಯಸ್ಥರು ಜೋರಾಗಿ ನಕ್ಕರು.

"ಅರೇ ಮೇಡಂ, ಇಲ್ಲಿ ಕಾಲು ತಾಗಿಸದವರು ಯಾರಿದ್ದಾರೆ ಹೇಳಿ," ಎಂದು ಹಿಂದಿಯಲ್ಲಿ ಹೇಳಿದರು.

ಇಡೀ ಹಾಲ್ ನಕ್ಕಿತು. ಒಬ್ಬರು ತಮ್ಮ ಹಳೆಯ ಮೋಸದ ಕತೆ ತೆಗೆದರು, ಇನ್ನೊಬ್ಬರು ಅದಕ್ಕಿಂತ ದೊಡ್ಡದು. ಕಪ್ಪನ್ನು ಬಲವಂತವಾಗಿ ಮತ್ತೆ ಅವರ ಕೈಗೇ ಕೊಟ್ಟು ಫೋಟೋ ತೆಗೆದರು. ಸಂತಾಪ ಸಭೆಯಲ್ಲಿ ಮುಖ್ಯಸ್ಥರು ಕತೆ ನಿಲ್ಲಿಸಿದ್ದು ಇಲ್ಲಿಗೆ.

ಐರೋಲಿಗೆ ಮರಳಿದ ಮೇಲೆ ಆ ಮಾತು ಆಫೀಸಿನಲ್ಲಿ ಹಬ್ಬಿತು. ಕೂಡಿಬರದ ಲೆಕ್ಕ ಎದುರಾದಾಗಲೆಲ್ಲ ಯಾರಾದರೊಬ್ಬರು "ಸ್ವಲ್ಪ ಕಾಲು ತಾಗಿಸು" ಎನ್ನುವರು. ಮೊದಲು ಹುಡುಗರ ಮಧ್ಯೆ ತಮಾಷೆಯಾಗಿತ್ತು. ಆಮೇಲೆ ಒಂದು ದಿನ, ಮುಳುಗಿದ ಸಾಲವೊಂದನ್ನು ಇನ್ನೂ ಜೀವಂತವಿದೆ ಎಂದು ತೋರಿಸುವ ಕಾಗದ ಮೇಡಂ ಮೇಜಿನ ಮೇಲೇ ಬಂತು. ತಂದವರು ಮುಖ್ಯಸ್ಥರು. ನಾನು ಆಗ ಒಳಗಿದ್ದೆ. "ಒಂದು ಸಲಕ್ಕೆ, ಮೇಡಂ. ಮೆಲ್ಲಗೆ ಕಾಲು ತಾಗಿಸಿಬಿಡಿ," ಎಂದು ಅವರು ಸಲಿಗೆಯಿಂದ ನಕ್ಕರು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಮುಖ್ಯಸ್ಥರು ಮೊದಲಿನಂತೆ ಎದ್ದು ಹೋಗಲಿಲ್ಲ. ಕೂತೇ ಇದ್ದರು, ಇನ್ನೊಂದು ಸಲ ಕೇಳಿದರು. ಮೇಡಂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಅವರು ಹೋದ ಮೇಲೆ ಮೇಡಂ ನನಗೆ ಹೇಳಿದರು: "ಇಲ್ಲ ಅನ್ನೋದೇನು ಕಷ್ಟ ಅಲ್ಲ ಕಣಮ್ಮ. ಮೊದ್ಲು ಯಾರೂ ಕೇಳ್ತಿರ್ಲಿಲ್ಲ. ಈಗ ಕೇಳ್ತಾರೆ. ಹೋಗಿದ್ದು ಅದು."

ಆಮೇಲೆ ಅವರು ಎಲ್ಲದಕ್ಕೂ ಇಲ್ಲ ಎನ್ನತೊಡಗಿದರು, ಹೌದು ಎನ್ನಬಹುದಾದದ್ದಕ್ಕೂ. ಕೇರಂ ಆಡಲು ಬರುವುದನ್ನು ಬಿಟ್ಟರು. ಟ್ರೈನಿನಲ್ಲಿ ಕ್ಲಿಪ್ಪು ಕೊಳ್ಳುವುದೂ ನಿಂತಿತು. ಮುಂದಿನ ವರ್ಷ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು.

ಮೈಸೂರಿನಲ್ಲಿದ್ದ ಅಕ್ಕನ ಮನೆಗೆ ಹೋಗಿ ನೆಲೆಸುವುದೆಂದು ಠಾಣೆಯ ಮನೆ ಖಾಲಿಮಾಡುತ್ತಿದ್ದಾಗ ಒಂದು ಶನಿವಾರ ಫೋನು ಮಾಡಿದರು. "ನಾಳೆ ಘಟ್ಟದ ಮೇಲಕ್ಕೆ ಹೋಗ್ಬೇಕು. ನನ್ನ ಜೊತೆ ಬರ್ತೀಯಾ? ಅವನ ಹತ್ರ ಒಂದು ಮಾತಾಡ್ಬೇಕು, ಅಷ್ಟೇ." ಯಾರ ಹತ್ತಿರ ಎಂದು ಕೇಳಬೇಕಾಗಿರಲಿಲ್ಲ. ಮರುದಿನ ಬಾಡಿಗೆ ಕಾರಿನಲ್ಲಿ ಹೊರಟೆವು. ಅವರ ತೊಡೆಯ ಮೇಲೆ ಸ್ಟೀಲ್ ಡಬ್ಬಿಯಿತ್ತು; ಕ್ಯಾಡಿಗೆಂದು ತಾವೇ ಮೈಸೂರುಪಾಕ್ ಮಾಡಿದ್ದರು. ದಾರಿಯುದ್ದಕ್ಕೂ ಹಗುರಾಗಿದ್ದರು. ಅಕ್ಕನ ಮನೆಯ ಹಿತ್ತಲಲ್ಲಿ ಚೆಂಡು ಹೊಡೆಯುವಷ್ಟು ಜಾಗವಿದೆ ಎಂದೆಲ್ಲ ಹೇಳಿದರು.

ನಾವು ಸದಸ್ಯರಲ್ಲ, ಯಾರ ಅತಿಥಿಗಳೂ ಅಲ್ಲ. ಗೇಟಿನ ಕಾವಲಿನವನು ಒಳಗೆ ಬಿಡಲಿಲ್ಲ. ರಸ್ತೆಯಾಚೆ ಒಂದು ಚಹಾದ ಗೂಡಂಗಡಿ, ಅಲ್ಲಿಯವರ ಮಾತಿನಲ್ಲಿ ಟಪರಿ. ಕೆಲಸಕ್ಕೆ ಕರೆ ಬರುವ ತನಕ ಕ್ಯಾಡಿಗಳು ಕಾಯುವುದು ಅಲ್ಲೇ. ಅವನು ಬೆಂಚಿನ ತುದಿಯಲ್ಲಿ ಕೂತಿದ್ದ. ಮೇಡಂ ಅವರನ್ನು ಕಂಡು ಗುರುತು ಹಿಡಿದು ಎದ್ದು ನಿಂತ.

ಮೇಡಂ ಅವನಿಗೆ ಮರಾಠಿಯಲ್ಲಿ, ತಪ್ಪು ತಪ್ಪಾಗಿ, ಹೇಗಿದ್ದೀರಿ ಎಂದು ಕೇಳಿದರು. ಅವನು ಇದ್ದದ್ದನ್ನು ಹೇಳಿದ. ಆ ಸೀಸನ್ ಪೂರ್ತಿ ಒಳಗೆ ಸೇರಿಸಲಿಲ್ಲ. ರಸ್ತೆ ಕೆಲಸಕ್ಕೆ ಹೋಗಿದ್ದೆ. ಈ ವರ್ಷ ಮತ್ತೆ ಬಿಟ್ಟಿದ್ದಾರೆ, ಆದರೆ ಸದಸ್ಯರ ಚೀಲ ಕೊಡುವುದಿಲ್ಲ. ಬೇರೆ ಯಾರೂ ಇಲ್ಲದ ದಿನ ಕರೆಯುತ್ತಾರೆ. ಚೆಂಡು ಸರಿಸುವವನು ಎಂದು ಹೆಸರು ಬಿತ್ತಲ್ಲ.

ಆದರೆ ನಾನು ಅದೇ ದಿನ ಎಲ್ಲರಿಗೂ ಹೇಳಿದೆನಲ್ಲ, ನಾನೇ ಸರಿಸಿದ್ದು ಅಂತ, ಎಂದರು ಮೇಡಂ.

"ಯಾರಿಗೆ?" ಎಂದು ಅವನು ಕೇಳಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಹಾಲ್‌ನಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ಹೊರಗೆ ಬಂದು ಕ್ಯಾಡಿಗಳ ಮೇಲ್ವಿಚಾರಕನಿಗೆ ಒಂದು ಮಾತು ಹೇಳಿರಲಿಲ್ಲ. ಮುಖ್ಯಸ್ಥರು ಹೇಳಿರಲಿಲ್ಲ. ಮೇಡಂ ಹೇಳಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಅವರು ಇಂಗ್ಲಿಷಿನಲ್ಲಿ ಒಪ್ಪಿಕೊಂಡದ್ದು, ತಪ್ಪು ಹೊತ್ತವನು ಗೇಟು ದಾಟಿ ಮನೆ ಸೇರಿದ ಮೇಲೆ, ಮುಚ್ಚಿದ ಬಾಗಿಲಿನ ಒಳಗೆ.

ಮೇಡಂ ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನು ಹಚ್ಚಿದರು. ಅವರು ಆ ಕಡೆಯಿಂದ ನಗುವುದು ನನಗೂ ಕೇಳಿಸಿತು. ಇನ್ನೂ ಅದನ್ನೇ ಹಿಡಿದುಕೊಂಡಿದ್ದೀರಾ ಮೇಡಂ, ನೋಡೋಣ, ಹೇಳುತ್ತೇನೆ ಎಂದರು. ಆಮೇಲೆ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಕೈಕೆಳಗೇ ಕೆಲಸ ಮಾಡುತ್ತೇನೆ. ಕೇಳುವ ಧೈರ್ಯ ಇದುವರೆಗೆ ಆಗಿಲ್ಲ.

ಫೋನು ಚೀಲಕ್ಕೆ ಹಾಕಿ ಮೇಡಂ ಬೆಂಚಿನ ಕಡೆ ತಿರುಗಿದರು. ಅಲ್ಲಿ ಕೂತ ಕ್ಯಾಡಿಗಳೆಲ್ಲ ಗ್ಲಾಸು ಹಿಡಿದು ಇವರನ್ನೇ ನೋಡುತ್ತಿದ್ದರು. "ಬಾಲ್ ಮೀ ಹಲವಲಾ," ಎಂದರು, "ಯಾಂಚೀ ಚೂಕ್ ನಾಹೀ." ಚೆಂಡು ಸರಿಸಿದ್ದು ನಾನು, ಇವರ ತಪ್ಪಲ್ಲ. ಊಟದ ಹಾಲ್‌ನಲ್ಲಿ ನಡುಗದ ಧ್ವನಿ ಇಲ್ಲಿ ಸೀಳಿಹೋಯಿತು. ಅರ್ಥವಾಗಲಿಲ್ಲವೇನೋ ಎಂದುಕೊಂಡು ಬಲಗಾಲು ಸ್ವಲ್ಪ ಮುಂದೆ ಚಾಚಿ, ಹೇಗೆ ಎಳೆದೆ ಎಂಬುದನ್ನೂ ಮಣ್ಣಿನ ಮೇಲೆ ಮಾಡಿ ತೋರಿಸಿದರು.

ಯಾರೂ ನಗಲಿಲ್ಲ. ಒಬ್ಬ ಗ್ಲಾಸು ಕೆಳಗಿಟ್ಟ. ಟಪರಿಯ ಹೆಂಗಸು ಸ್ಟೌ ಸಣ್ಣ ಮಾಡಿದಳು. ಮೇಡಂ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಕೊಡುವ ಹೊತ್ತು ದಾಟಿಹೋಗಿತ್ತು.

ಆ ಮನುಷ್ಯ ಸಿಟ್ಟಾಗಲಿಲ್ಲ. ಕೇಳುವುದೋ ಬೇಡವೋ ಎಂದು ಅನುಮಾನಿಸುತ್ತ, ತಗ್ಗಿದ ದನಿಯಲ್ಲೇ ಕೇಳಿದ. "ಆತ್ತಾ ಕಾ ಸಾಂಗತಾ, ಮೇಡಂ?" ಈಗ ಯಾಕೆ ಹೇಳುತ್ತೀರಿ?

ಮೇಡಂ ನನ್ನ ಕಡೆ ನೋಡಿದರು. ಮರಾಠಿಯಲ್ಲಿ ಏನಾದರೂ ಮಾತು ಒದಗಿಸುತ್ತೇನೆ ಎಂದು ನೋಡಿದರೋ ಏನೋ. ಹುಟ್ಟಿದಾಗಿನಿಂದ ಆ ಭಾಷೆ ಆಡುವ ನಾನು ಅವರ ಕೈಯ ಡಬ್ಬಿ ನೋಡಿದೆ.

"ಉಶೀರ್ ಝಾಲಾ," ಎಂದರು ಅವರು. ತಡವಾಯಿತು.

ಅವನು ಹೌದೆಂದು ತಲೆಯಾಡಿಸಿದ. "ಹೋ," ಎಂದ. "ಝಾಲಾ."